ಡಬ್ಬಿಯಲ್ಲಿ ಬೇವಿನ ಹೂ

ಯುಗಾದಿ ಯಾವ ದಿನ ಬರುತ್ತದೆಂದು ಪಂಚಾಂಗ ನೋಡಿದರೆ ತಿಳಿಯುತ್ತದೆ. ವಸಂತ ಯಾವ ದಿನ ಬಂತೆಂದು ಮಾತ್ರ ನಮ್ಮ ಮನೆಗೆ ತಿಳಿಸುತ್ತಿದ್ದವರು ಇಬ್ಬರು ಅಕ್ಕತಂಗಿಯರು. ಅಕ್ಕ ಸುಭದ್ರಮ್ಮ, ನನ್ನ ಹೆಂಡತಿ. ತಂಗಿ ಲಿಂಗಮ್ಮ, ಭದ್ರಾವತಿಗೆ ಕೊಟ್ಟವಳು.

ಇಬ್ಬರೂ ಹೊಳಲೂರಿನ ಹೆಣ್ಣುಮಕ್ಕಳು. ಅವರು ಚಿಕ್ಕವರಿದ್ದಾಗ ಅವರ ತಂದೆ ಒಂದು ಪದ್ಧತಿ ಮಾಡಿದ್ದರಂತೆ. ಶಿವರಾತ್ರಿ ಕಳೆದ ಮೇಲೆ ಯಾವ ಮಗಳು ಮೊದಲ ಬೇವಿನ ಹೂವನ್ನು ತಂದು ಪೂಜೆಯ ತಟ್ಟೆಯಲ್ಲಿಡುತ್ತಾಳೋ ಅವಳು ಗೆದ್ದಳು. ಸೋತವಳು ಯುಗಾದಿಯ ದಿನ ಹೋಳಿಗೆಗೆ ಹೂರಣ ರುಬ್ಬಬೇಕು. ಆ ಮನೆಯ ಒರಳುಕಲ್ಲನ್ನು ನಾನು ಮದುವೆಯ ಮಾರನೆಯ ದಿನ ನೋಡಿದೆ. ಅದರ ಮುಂದೆ ಕೂರುವುದಕ್ಕಿಂತ ಮರ ಹತ್ತುವುದೇ ಸುಲಭ ಎಂದು ಯಾವ ಹುಡುಗಿಗಾದರೂ ತೋಚುತ್ತಿತ್ತು.

ಮದುವೆಯಾಗಿ ಒಬ್ಬಳು ಶಿವಮೊಗ್ಗಕ್ಕೆ, ಇನ್ನೊಬ್ಬಳು ಭದ್ರಾವತಿಗೆ ಬಂದ ಮೇಲೂ ಆಟ ನಿಲ್ಲಲಿಲ್ಲ. ಕಾನೂನು ಮಾತ್ರ ಬಿಗಿಯಾಯಿತು. ಹೂವು ಈ ವರ್ಷದ್ದೇ ಆಗಿರಬೇಕು. ತಾನಾಗಿ ಅರಳಿರಬೇಕು. ಫೋನಿನಲ್ಲಿ ಹೇಳಿದರೆ ನಡೆಯದು, ತಂದವರ ಕೈಯಲ್ಲಿ ಹೂವಿರಬೇಕು. ಸುಳ್ಳು ಹೂವು ತಂದರೆ ತಂದವರೇ ರುಬ್ಬಬೇಕು. ಈ ಕೊನೆಯ ಕಲಮು ಬಂದದ್ದು ಲಿಂಗಮ್ಮನ ದೆಸೆಯಿಂದ. ಒಂದು ವರ್ಷ ಅವಳು ಮೊಗ್ಗನ್ನು ಉಗುರಿನಿಂದ ಬಿಡಿಸಿ ತಂದು ಸಿಕ್ಕಿಬಿದ್ದಿದ್ದಳು. ಗೆದ್ದವಳು ಸೋತವಳ ಬಾಗಿಲಲ್ಲಿ ನಿಂತು, ಚಪ್ಪಲಿ ಬಿಡುವ ಮೊದಲೇ, "ಹೂರಣ ರುಬ್ಬು!" ಎಂದು ಕೂಗಬೇಕು. ಅಲ್ಲಿಗೆ ತೀರ್ಪಾಯಿತು. ಆ ವರ್ಷದ ಯುಗಾದಿ ಸೋತವರ ಮನೆಯಲ್ಲಿ. ಎರಡೂ ಮನೆಯವರಿಗೆ ಅಲ್ಲೇ ಊಟ.

ಗಾಂಧಿ ಬಜಾರಿನಲ್ಲಿ ನನ್ನದು ಬಟ್ಟೆ ಅಂಗಡಿ. ಈ ಪಂದ್ಯದಲ್ಲಿ ನನ್ನ ಪಾಲು ಊಟ ಮಾತ್ರ. ಮೊದಮೊದಲು ಸೋಲು ಗೆಲುವು ಇಬ್ಬರಿಗೂ ಹಂಚಿಹೋಗುತ್ತಿತ್ತು. ಲಿಂಗಮ್ಮನ ಗಂಡ ಶಿವಯೋಗಪ್ಪ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತನಾಗಿ, ಕ್ವಾರ್ಟರ್ಸ್ ಬಿಟ್ಟು, ಫೌಂಡ್ರಿ ಇರುವ ಬೀದಿಯೊಂದರಲ್ಲಿ ಸ್ವಂತ ಮನೆ ಮಾಡಿದ. ಅಲ್ಲಿಂದ ಮುಂದೆ ಗೆದ್ದದ್ದೆಲ್ಲ ಸುಭದ್ರೆಯೇ. ಶಿವರಾತ್ರಿ ಕಳೆದು ಒಂದು ವಾರವೋ ಎರಡು ವಾರವೋ ಆದ ಮೇಲೆ ಒಂದು ಬೆಳಿಗ್ಗೆ ಅವಳು ಸ್ಟೀಲಿನ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟು ನಿಲ್ಲುತ್ತಿದ್ದಳು.

"ಎಲ್ಲಿ ಸಿಕ್ತೇ ಇಷ್ಟು ಬೇಗ? ತೋರಿಸು ನೋಡೋಣ," ಎಂದರೆ,

"ಡಬ್ಬಿ ತೆಗೀಬೇಡಿ. ಹೂವಿಗೆ ದೃಷ್ಟಿ ತಾಗುತ್ತೆ," ಎನ್ನುತ್ತಿದ್ದಳು.

ಅಲ್ಲಿ ಲಿಂಗಮ್ಮ ಪ್ರತಿ ವರ್ಷವೂ ಬಾಯಿ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ಶಿವನೇ, ಇಷ್ಟು ಬೇಗ ಎಲ್ಲಿ ಸಿಕ್ತು ಅಕ್ಕಾ?" ಎಂದು ಕೇಳುವುದು. ಸುಭದ್ರೆ ಸೆರಗು ಕೊಡವಿ, "ಶಿವಮೊಗ್ಗದ ಹವಾನೇ ಹಾಗೆ ಕಣೇ," ಎನ್ನುವುದು. ಇದು ವರ್ಷಾವಧಿ ನಡೆಯುತ್ತಿದ್ದ ಮಾತು.

ಈಶ್ವರ ಸಂವತ್ಸರದ ಕಾರ್ತೀಕ ಮಾಸದಲ್ಲಿ ಸುಭದ್ರೆ ಲಿಂಗೈಕ್ಯಳಾದಳು. ಸಂಜೆ ದೀಪ ಹಚ್ಚಿಟ್ಟು, ಯಾಕೋ ಸುಸ್ತು ಎಂದು ಗೋಡೆಗೆ ಒರಗಿ ಕುಳಿತವಳು ಮತ್ತೆ ಏಳಲಿಲ್ಲ. ಶಿವ ಕೊಟ್ಟದ್ದನ್ನು ಶಿವನೇ ತೆಗೆದುಕೊಂಡ. ಏಕೆಂದು ಕೇಳುವ ಅಧಿಕಾರ ನನಗಿಲ್ಲ. ಆದರೂ ಬೆಳಿಗ್ಗೆ ಪೂಜೆಗೆ ಕುಳಿತಾಗ ಬಿಲ್ವಪತ್ರೆಯ ತಟ್ಟೆಯನ್ನು ನನ್ನ ಬಲಗಡೆಗೆ ಸರಿಸುವ ಕೈಯೊಂದು ಬರಬಹುದೇನೋ ಎಂದು ಸ್ವಲ್ಪ ಹೊತ್ತು ಕಾಯುತ್ತೇನೆ. ಆಮೇಲೆ ನಾನೇ ಸರಿಸಿಕೊಳ್ಳುತ್ತೇನೆ.

ಶಿವರಾತ್ರಿ ಕಳೆದ ಕೆಲವು ದಿನಗಳಿಗೆ ಶಿವಯೋಗಪ್ಪ ವಿದ್ಯಾನಗರದ ನಮ್ಮ ಮನೆಗೆ ಬಂದ. ಬಂದವನು ಕುರ್ಚಿಯ ತುದಿಯಲ್ಲಿ ಕುಳಿತ. ಯಾವಾಗಲೂ ಬಂದೊಡನೆ ದಿಂಬು ಕೇಳುವ ಮನುಷ್ಯ.

"ಅಣ್ಣ, ಈ ಸಲ ಹಬ್ಬ ಬೇಡ ಅಂತಾಳೆ."

"ನಾನೂ ಹಾಗೇ ಅಂದ್ಕೊಂಡಿದ್ದೆ. ವರ್ಷ ತುಂಬಿಲ್ಲ, ಜನ ಏನಾದ್ರೂ ಅಂತಾರೆ."

"ಜನ ಅಂತಾರೆ ಸರಿ. ನಮ್ಮಲ್ಲಿ ಲಿಂಗ ಕಟ್ಟಿಕೊಂಡವರಿಗೆ ಸೂತಕ ಇಲ್ಲ ಅಂತ ನೀವೇ ಊರಿಗೆಲ್ಲ ಹೇಳೋರು."

"ಅದನ್ನ ನೀನು ಲಿಂಗಮ್ಮಂಗೆ ಹೇಳಬೇಕಿತ್ತಪ್ಪಾ."

"ನನ್ನ ಮಾತು ಮನೇಲಿ ನಡೆಯೋದಾಗಿದ್ರೆ ನಾನ್ಯಾಕೆ ಸಾಮಿ ಫ್ಯಾಕ್ಟರೀಲಿ ಡಬಲ್ ಶಿಫ್ಟ್ ಮಾಡ್ತಿದ್ದೆ?" ಎಂದು ನಕ್ಕ. ತಮಿಳರ ಜೊತೆ ಕುಲುಮೆಯ ಮುಂದೆ ಆಯುಷ್ಯ ಕಳೆದವನಿಗೆ ಆ 'ಸಾಮಿ' ನಾಲಿಗೆಯಲ್ಲೇ ಉಳಿದಿದೆ. ನಗು ಬೇಗ ನಿಂತಿತು. "ಹಬ್ಬದ ಮಾತು ಹಾಗಿರಲಿ ಅಣ್ಣ. ಬೀದಿ ಕಡೆ ಕಿಟಕಿ ಮುಚ್ಕೊಂಡು ಕೂತಿದ್ದಾಳೆ. ಸೆಕೆ ತಡೆಯೋಕಾಗಲ್ಲ, ತೆಗಿಯೇ ಅಂದ್ರೆ ಬೇಡ ಅಂತಾಳೆ. ಮೊನ್ನೆ ಶಿವಮೊಗ್ಗಕ್ಕೆ ಹೋಗಿ ಭಾವನ್ನ ನೋಡ್ಕೊಂಡು ಬರೋಣ ಅಂದೆ. 'ಇನ್ನು ಅಲ್ಲಿ ನಂಗೆ ಯಾರಿದ್ದಾರೆ' ಅಂದ್ಬಿಟ್ಲು. ನಿಮ್ಮ ಮೇಲೆ ಕೋಪ ಅಲ್ಲ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಲಿಲ್ಲ, ಹೆದರಿದೆ. ಅವನು ಕಾಫಿ ಕುಡಿದು ಹೋದ ಮೇಲೆ ಬಹಳ ಹೊತ್ತು ಜಗಲಿಯಲ್ಲಿ ಕುಳಿತೆ. ಶಿವಯೋಗಪ್ಪನೂ ನಾನೂ ಷಡ್ಡಕರು. ನಮ್ಮಿಬ್ಬರ ನೆಂಟಸ್ತಿಕೆ ಆ ಅಕ್ಕತಂಗಿಯರು ಹಾಸಿದ ಚಾಪೆ. ನಾವು ಅದರ ಮೇಲೆ ಆರಾಮಾಗಿ ಕಾಲು ಚಾಚಿಕೊಂಡಿದ್ದೆವು. ಅಕ್ಕ ಎದ್ದು ಹೋದಳು. ತಂಗಿ ತನ್ನ ಕಡೆಯ ಅಂಚನ್ನು ಸುತ್ತಿಕೊಳ್ಳುತ್ತಿದ್ದಾಳೆ. ಈ ಯುಗಾದಿ ಹೀಗೆಯೇ ಕಳೆದರೆ ಮುಂದಿನದಕ್ಕೆ ಯಾರು ಯಾರನ್ನು ಕರೆಯಬೇಕು? ಆಮೇಲೆ ಮದುವೆ ಮುಂಜಿಗಳಲ್ಲಿ ಎದುರುಬದುರಾಗಿ, ಚೆನ್ನಾಗಿದ್ದೀರಾ ಎಂದು ಕೇಳಿಕೊಂಡು ಹೋಗುವ ಜನವಾಗುತ್ತೇವೆ. ಸುಭದ್ರೆಯನ್ನು ಚಿಕ್ಕ ಹುಡುಗಿಯಾಗಿ ಕಂಡವಳು ಇನ್ನು ಲಿಂಗಮ್ಮ ಒಬ್ಬಳೇ.

ಈ ವರ್ಷದ ಹೂವನ್ನು ನಾನೇ ಒಯ್ಯುತ್ತೇನೆ ಎಂದು ಅಲ್ಲೇ ನಿಶ್ಚಯಿಸಿದೆ.

ಸೊಸೆ ಜಯಶೀಲಾಳಿಗೆ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಮಾವ, ನಿಮಗೆ ಬೇವಿನ ಮರ ಯಾವುದು ಅಂತ ಗೊತ್ತಾಗುತ್ತಾ?"

"ಏನಂದ್ಕೊಂಡಿದ್ದೀಯ? ಟ್ಯೂಬ್‌ಲೈಟ್ ಕೆಳಗೆ ಹಾಲುಬಿಳಿ ಬೇರೆ, ಮುತ್ತುಬಿಳಿ ಬೇರೆ ಅಂತ ಹೇಳೋ ಕಣ್ಣು ಇದು."

"ಅದು ಆಗ. ಹೋದ ವಾರ ನಿಮ್ಮ ಮಗನ ತಿಳಿನೀಲಿ ಶರ್ಟನ್ನ ಬಿಳೀದು ಅಂತ ಬಿಳಿ ಬಟ್ಟೆ ಜೊತೆ ನೆನೆಹಾಕಿದೋರು ಯಾರು? ಪೊರೆ ಬಲಿತಿದೆ, ಆಪರೇಷನ್ ಮಾಡಿಸಿ ಅಂತ ಡಾಕ್ಟ್ರು ಹೇಳಿ ಎಷ್ಟು ದಿನ ಆಯ್ತು?"

"ಮಾಡಿಸೋಣ, ಮಾಡಿಸೋಣ," ಎಂದು ಎದ್ದೆ. ಕಾರ್ತೀಕದಿಂದೀಚೆಗೆ ನನಗೆ ಅಂಥ ನೋಡಬೇಕಾದದ್ದೇನೂ ಇರಲಿಲ್ಲ. ಅದನ್ನು ಸೊಸೆಯ ಮುಂದೆ ಹೇಳುವುದು ಚೆನ್ನಾಗಿರುವುದಿಲ್ಲ.

ಹೂವು ಒಯ್ಯುವುದೆಂದೇನೋ ಆಯಿತು. ಸುಭದ್ರೆ ಅದನ್ನು ಎಲ್ಲಿಂದ ತರುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ನಮ್ಮ ಮಹಡಿಯ ಮೇಲೆ ಬಾಡಿಗೆಗೆ ಇದ್ದವಳು ಪ್ರಿಯದರ್ಶಿನಿ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದಳು. ಮರಗಿಡದ ವಿದ್ಯೆಯೇ ತಲೆಯ ಮೇಲೆ ವಾಸವಾಗಿರುವಾಗ ಬೇರೆ ಯಾರನ್ನು ಕೇಳುವುದೆಂದು ಶನಿವಾರ ಸಂಜೆ ಮೆಟ್ಟಿಲು ಹತ್ತಿದೆ.

ಅವಳ ಮೇಜಿನ ಮೇಲೆ ಗಾಜಿನಂತಹ ಒಂದು ಗುಂಡು ಇತ್ತು. ಹಾಳೆಗಳು ಹಾರದಂತೆ ಇಡುವುದು. ಅದರೊಳಗೆ ಬಿಳಿಯ ನವಿರಾದ ಎಳೆಗಳ ಒಂದು ಚೆಂಡು, ಉಸಿರು ತಾಗಿದರೆ ಚದುರುವಂತೆ ಕುಳಿತಿತ್ತು. ಸುಭದ್ರೆ ಮೇಲೆ ಬಂದಾಗಲೆಲ್ಲ ಅದನ್ನು ಸೆರಗಿನಿಂದ ಒರೆಸಿ, "ಇದನ್ನ ಯಾಕೆ ಗಾಜಲ್ಲಿ ಕೂಡಿಹಾಕಿದ್ದೀಯ ಮಾರಾಯ್ತಿ? ಹಾರೋಕೆ ಹುಟ್ಟಿದ್ದು ಪಾಪ," ಎನ್ನುತ್ತಿದ್ದಳಂತೆ. ಪ್ರಿಯದರ್ಶಿನಿ ಅದನ್ನು ನನ್ನ ಕೈಗೆ ಕೊಟ್ಟು ಹೇಳಿದಳು.

"ಇದು ಡ್ಯಾಂಡಲಿಯನ್ ಅಂತ ಅಂಕಲ್. ನಾನು ಜರ್ಮನಿಗೆ ಹೋಗಿದ್ದೆನಲ್ಲ, ಅಲ್ಲಿಂದ ತಂದಿದ್ದು."

"ನಮ್ಮ ಎಕ್ಕದ ಕಾಯಿ ಒಡೆದು ಹಾರುತ್ತಲ್ಲ, ಅಜ್ಜನ ಗಡ್ಡ, ಅದರ ಹಾಗಿದೆ."

"ಅದೇ ಜಾತಿ ಆಟ, ಗಿಡ ಬೇರೆ. ಅಲ್ಲಿ ಚಳಿಗಾಲ ಪೂರ್ತಿ ಮರ ಅಂದ್ರೆ ಬರೀ ಕಡ್ಡಿ. ಆಕಾಶ ಪಾತ್ರೆ ತೊಳೆದ ನೀರಿನ ಥರ ಇರುತ್ತೆ. ನಂಗೆ ಅಳು ಬರ್ತಿತ್ತು. ಒಂದಿನ ಬೆಳಿಗ್ಗೆ ನೋಡ್ತೀನಿ, ಹಿಮ ಕರಗಿದ ಹುಲ್ಲಿನ ಮೇಲೆ ಅರಿಶಿನ ಚೆಲ್ಲಿದ ಹಾಗೆ ಈ ಹೂವು. ಅಲ್ಲಿಯವರು ಅದನ್ನ ಕಳೆ ಅಂತ ಕಿತ್ತು ಬಿಸಾಕ್ತಾರೆ. ನಾನು ಮಾತ್ರ ರಸ್ತೆ ಮಧ್ಯೆ ನಿಂತು ಕೈ ಮುಗಿದೆ ಅಂಕಲ್, ನಿಜವಾಗ್ಲೂ."

"ಕೈ ಮುಗಿದದ್ದು ಸರಿಯಾಯ್ತು."

"ನಮ್ಮ ಮನೆ ಒಡತಿ ಒಬ್ಬಳು ಅಜ್ಜಿ. ಅದರ ಎಳೆ ಎಲೆ ಕಿತ್ತು ತಂದು ವರ್ಷದ ಮೊದಲ ಸೊಪ್ಪು ಅಂತ ತಿನ್ನೋಕೆ ಕೊಟ್ರು. ಎಂಥ ಕಹಿ ಗೊತ್ತಾ!"

ನನಗೆ ಇದು ಬಹಳ ಹಿಡಿಸಿತು. ಎಲ್ಲಿಯ ಜರ್ಮನಿ, ಎಲ್ಲಿಯ ವಿದ್ಯಾನಗರ! ಒಂದು ಕಡೆ ಹಿಮದೊಳಗಿಂದ, ಒಂದು ಕಡೆ ಧೂಳಿನೊಳಗಿಂದ ಹೊಸ ಕಾಲವನ್ನು ಹೊರಡಿಸುವ ಪರಮಾತ್ಮ ಎರಡು ಕಡೆಯೂ ಮೊದಲ ತುತ್ತಿಗೆ ಕಹಿಯನ್ನೇ ಇಟ್ಟಿದ್ದಾನೆ. ಇದನ್ನು ಸುಭದ್ರೆಗೆ ಹೇಳಬೇಕು ಅಂದುಕೊಂಡೆ. ಆಮೇಲೆ ನೆನಪಾಯಿತು.

"ಅದಿರಲಮ್ಮ. ನಮ್ಮ ಬೇವು ಎಲ್ಲಿ ಮೊದಲು ಹೂ ಬಿಡುತ್ತೆ? ಅದನ್ನ ಹೇಳು."

"ಮರಕ್ಕೆ ಸ್ವಲ್ಪ ಕಷ್ಟ ಇರ್ಬೇಕು ಅಂಕಲ್. ನೀರು ಕಡಿಮೆ, ಬಿಸಿ ಜಾಸ್ತಿ ಇರೋ ಕಡೆ ಬೇಗ. ಕಾಲುವೆ ಪಕ್ಕದ ಮರ ಸೋಮಾರಿ, ಬಿಸಿ ಗೋಡೆ ಪಕ್ಕದ್ದು ಚುರುಕು. ಒಂದೊಂದು ಬೀದಿಗೂ ಒಂದೊಂದು ಹವಾಮಾನ. ನಾಳೆ ಭಾನುವಾರ, ನಾನೂ ಬರ್ತೀನಿ, ಹುಡುಕೋಣ."

"ಬೇಡ ಬೇಡ. ಸ್ವಂತ ಕೈಯಿಂದ ಆಗ್ಬೇಕು. ಕಾನೂನು ಹಾಗಿದೆ," ಎಂದೆ. ಕಾನೂನಿನಲ್ಲಿ ಹಾಗೇನೂ ಇರಲಿಲ್ಲ. ಜಂಬ ನನ್ನದು.

ಭಾನುವಾರ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಕೊಡೆ ಹಿಡಿದು ಹೊರಟೆ. ಸುಭದ್ರೆಯ ಡಬ್ಬಿ ಚೀಲದಲ್ಲಿತ್ತು. ವಿದ್ಯಾನಗರದ ಬೇವುಗಳನ್ನೆಲ್ಲ ಒಂದೊಂದಾಗಿ ವಿಚಾರಿಸಿಕೊಂಡೆ. ಒಂದು ಮರ ಎಲೆ ಉದುರಿಸಿ ಬರಿದಾಗಿತ್ತು. ಒಂದು ತಾಮ್ರದ ಬಣ್ಣದ ಚಿಗುರು ಹೊತ್ತು ನಿಂತಿತ್ತು. ರೈಲುಹಳಿಯ ಕಡೆಯ ಮರದಲ್ಲಿ ಸಾಸಿವೆಯಷ್ಟು ಮೊಗ್ಗು. ಹೊಂಗೆ ಮಾತ್ರ ಎಲ್ಲೆಡೆ ಎಳೆಹಸಿರಾಗಿ ಹೊಳೆಯುತ್ತಿತ್ತು. ಹೊಂಗೆಯನ್ನು ಕೇಳಿದವರು ಯಾರು? ಗಲ್ಲಿಯ ಪೋರರು ಅಜ್ಜನ ಗಡ್ಡವನ್ನು ಊದಿಕೊಂಡು ಓಡುತ್ತಿದ್ದರು. ಒಂದು ನನ್ನ ಮೀಸೆಗೆ ಬಂದು ಕುಳಿತಿತು. ಬಿಡಿಸಿ ಹಾರಬಿಟ್ಟೆ.

ಕಾಲು ಸೋತು ಮನೆಗೆ ತಿರುಗಬೇಕೆಂದಿದ್ದಾಗ ಖಾಲಿ ಸೈಟೊಂದರ ಮೂಲೆಯಲ್ಲಿ ಒಂದು ಮರ ಕಂಡಿತು. ಕೊಂಬೆಯ ತುದಿಗೆಲ್ಲ ಗೊಂಚಲು ಗೊಂಚಲಾಗಿ ಬಿಳಿಯ ಹೂವು! ಸಣ್ಣ ಸುವಾಸನೆ ಬೇರೆ. ಶಿವ ಶಿವಾ ಎಂದು ಕೊಡೆಯ ಹಿಡಿಕೆಯಿಂದ ಕೊಂಬೆ ಎಳೆದು ಒಂದು ಗೊಂಚಲು ಮುರಿದು ಡಬ್ಬಿಗೆ ಹಾಕಿದೆ. ಮನೆಗೆ ಹೋದರೆ ಜಯಶೀಲಾ ಊಟ ಮಾಡಿ ಹೋಗಿ ಎನ್ನುತ್ತಾಳೆ, ಅಷ್ಟರಲ್ಲಿ ಹೂವು ಬಾಡುತ್ತದೆ. ನೇರ ಬಿ.ಎಚ್. ರಸ್ತೆಗೆ ಬಂದು ಭದ್ರಾವತಿಯ ಬಸ್ಸು ಹತ್ತಿದೆ.

ಕಂಡಕ್ಟರ್ ನನ್ನ ತೊಡೆಯ ಮೇಲಿನ ಡಬ್ಬಿ ನೋಡಿ, "ಏನ್ ಯಜಮಾನ್ರೆ, ಮಗಳ ಮನೆಗೆ ತಿಂಡಿನಾ?" ಎಂದ.

"ಅಲ್ಲಪ್ಪ, ನಾದಿನಿ ಮನೆಗೆ ಬೇವು."

"ಸರಿಯಾಗಿದೆ ಬಿಡಿ," ಎಂದು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಪಕ್ಕದವರು ನಕ್ಕರು, ನಾನೂ ನಕ್ಕೆ. ಬಹಳ ದಿನಗಳ ಮೇಲೆ ಕಿಟಕಿಯ ಗಾಳಿ ಮುಖಕ್ಕೆ ಚೆನ್ನಾಗಿ ಬಡಿಯುತ್ತಿತ್ತು.

ಭದ್ರಾವತಿಯಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಡಬ್ಬಿ. ಕೊಡೆ ಬಿಚ್ಚಿದರೆ ಡಬ್ಬಿ ಜಾರೀತೆಂದು ಬಿಚ್ಚದೆ, ಶಲ್ಯವನ್ನು ಹೆಗಲ ಮೇಲೆ ಸರಿಮಾಡಿಕೊಂಡು, ತಲೆ ತಗ್ಗಿಸಿ ಫೌಂಡ್ರಿಯ ಗೋಡೆಯ ಪಕ್ಕದಲ್ಲೇ ನಡೆದೆ. ಒಲೆಯ ಪಕ್ಕದಲ್ಲಿ ನಡೆದಂತಿತ್ತು. ಬೀದಿಯ ಕೊನೆಗೆ ಸ್ವಲ್ಪ ನೆರಳು ಸಿಕ್ಕಿತು. ಅಲ್ಲಿ ನಿಂತು ಒಂದು ಉಸಿರು ಬಿಟ್ಟು, ಎದುರಿನ ಮನೆಯ ಬಾಗಿಲಿಗೆ ಹೋದೆ. ಕಿಟಕಿ ಮುಚ್ಚಿತ್ತು.

ಚಪ್ಪಲಿ ಬಿಡಲಿಲ್ಲ. "ಹೂರಣ ರುಬ್ಬು!" ಎಂದು ಕೂಗಿದೆ. ಕೂಗಿದೆನೆಂದು ನಾನು ತಿಳಿದದ್ದು. 'ರುಬ್ಬು' ಎನ್ನುವಷ್ಟರಲ್ಲಿ ಅರ್ಧ ಮಾತು ಒಳಗೇ ಉಳಿಯಿತು.

ಲಿಂಗಮ್ಮ ಬಾಗಿಲಿಗೆ ಬಂದಳು. ನನ್ನನ್ನು ನೋಡಲಿಲ್ಲ. ನನ್ನ ಬೆನ್ನ ಹಿಂದೆ ನೋಡಿದಳು, ಇನ್ನೊಬ್ಬರು ಬರಬೇಕೆಂಬಂತೆ. ಆಮೇಲೆ ನನ್ನ ಕಡೆ ತಿರುಗಿ, "ಬನ್ನಿ ಭಾವ," ಎಂದಳು. ಸುಭದ್ರೆ ಹೋದಮೇಲೆ ಅವಳು ಬಹಳ ಇಳಿದುಹೋಗಿದ್ದಳು.

ಶಿವಯೋಗಪ್ಪ ಒಳಗಿನಿಂದ ಓಡಿಬಂದ. ನೀರು ಕೊಟ್ಟರು. ಲಿಂಗಮ್ಮ ಕಂಬಕ್ಕೆ ಒರಗಿ ನಿಂತು, "ಈ ಬಿಸಿಲಲ್ಲಿ ಯಾಕೆ ಬರೋಕೆ ಹೋದ್ರಿ? ಹಬ್ಬ ಬೇಡ ಅಂತ ಇವರ ಹತ್ರ ಹೇಳಿ ಕಳಿಸಿದ್ದೆನಲ್ಲ," ಎಂದಳು.

"ಹೇಳಿದ. ಆದರೆ ಹೂವು ಬಂದಮೇಲೆ ಬೇಡ ಅನ್ನೋ ಕಲಮು ನಿಮ್ಮ ಕಾನೂನಲ್ಲಿ ಇಲ್ಲ," ಎಂದು ಡಬ್ಬಿಯ ಮುಚ್ಚಳ ತೆಗೆದು ಗೊಂಚಲನ್ನು ಅಂಗೈ ಮೇಲಿಟ್ಟು ಚಾಚಿದೆ.

ಅವಳು ಬಗ್ಗಿ ನೋಡಿದಳು. ಎಲೆಯೊಂದನ್ನು ತಿರುಗಿಸಿದಳು. ಅವಳ ಹೆಗಲು ಅಲುಗತೊಡಗಿತು. ಅತ್ತಳೆಂದೇ ನಾನು ಗಾಬರಿಯಾದೆ. ಅತ್ತಿರಲಿಲ್ಲ.

"ಭಾವಾ! ಇದು ಹೆಬ್ಬೇವು!"

"ಏನು?"

"ಹೆಬ್ಬೇವು ಭಾವ, ಹೆಬ್ಬೇವು! ಎಲೆ ನೋಡಿ ಎಷ್ಟಗಲ ಇದೆ. ಹೂವು ನೋಡಿ, ನೇರಳೆ ಬಣ್ಣ!"

"ಬಿಳೀದಲ್ವಾ?"

"ಬಿಳೀದಾ!" ಅವಳು ಕಂಬ ಹಿಡಿದುಕೊಂಡು ನಗತೊಡಗಿದಳು. "ರೀ, ನೋಡಿ ಇಲ್ಲಿ. ಗಾಂಧಿ ಬಜಾರಲ್ಲಿ ಊರಿಗೆಲ್ಲ ಸೀರೆ ಬಣ್ಣ ಆರಿಸಿಕೊಟ್ಟೋರು! ನನ್ನ ಮದುವೆ ಸೀರೆ ಇವರೇ ಆರಿಸಿದ್ದು. ಅಯ್ಯೋ ನನ್ನ ಶಿವನೇ!" ನಗು ಎಲ್ಲಿ ಮುಗಿಯಿತೋ, ಅಳು ಎಲ್ಲಿ ಶುರುವಾಯಿತೋ ಹೇಳಲಾರೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಳಿತುಬಿಟ್ಟಳು. ಶಿವಯೋಗಪ್ಪ ಮೇಲೆ ನೋಡಿದ. ನಾನು ಹೆಬ್ಬೇವು ನೋಡಿದೆ. ನನ್ನ ಕಣ್ಣಿಗೆ ಅದು ಆಗಲೂ ಬಿಳಿಯೇ.

ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು ಎದ್ದವಳು ನನ್ನ ಹೆಗಲ ಕಡೆ ನೋಡಿದಳು. ಹತ್ತಿರ ಬಂದು ಶಲ್ಯದ ಮಡಿಕೆಯಿಂದ ಏನನ್ನೋ ಎರಡು ಬೆರಳಲ್ಲಿ ಎತ್ತಿದಳು. ಅಕ್ಕಿಕಾಳಿಗಿಂತ ಸಣ್ಣದೊಂದು ಹೂವು. ಇನ್ನೊಂದು ನನ್ನ ಟೋಪಿಯ ಮೇಲಿತ್ತು.

"ಇದು ಬೇವು," ಎಂದಳು.

"ಅದೆಲ್ಲಿಂದ ಬಂತು?"

ಅವಳು ಹೋಗಿ ಕಿಟಕಿಯ ಅಗುಳಿ ತೆಗೆದು ಎರಡು ಬಾಗಿಲನ್ನೂ ದೂಡಿದಳು. ನಾನು ನಿಂತು ಉಸಿರು ಬಿಟ್ಟಿದ್ದ ನೆರಳು ಎದುರಿಗೇ ಇತ್ತು. ಫೌಂಡ್ರಿಯ ಗೋಡೆಗೆ ಬೆನ್ನು ಕೊಟ್ಟು ನಿಂತ ದೊಡ್ಡ ಬೇವಿನ ಮರ. ಅದರ ತುಂಬ ಹೂವು. ಪೊರೆ ಬಂದ ಕಣ್ಣಿಗೂ ಕಾಣುವಷ್ಟು.

"ಇದರ ಕೆಳಗೇ ನಡೆದು ಬಂದ್ರಲ್ಲ ಭಾವ, ಹೆಬ್ಬೇವು ಹಿಡ್ಕೊಂಡು!"

"ಇಲ್ಲೇ ಇಂಥ ಮರ ಇಟ್ಕೊಂಡು ವರ್ಷ ವರ್ಷ ನೀನು ಹೇಗೆ ಸೋಲ್ತಿದ್ದೆ?"

ಲಿಂಗಮ್ಮ ಕಿಟಕಿಯ ಸರಳು ಹಿಡಿದು ನಿಂತಳು. "ಅಕ್ಕ ಎಲ್ಲಿಂದ ಹೂ ತರ್ತಿದ್ಲು ಅಂದ್ಕೊಂಡಿದ್ದೀರಿ? ಬಸ್ ಇಳಿದು ಸೀದಾ ಬಂದು, ಇದೇ ಮರದ ಕೆಳಗೆ ನಿಂತು, ಆ ಕಡೆ ಈ ಕಡೆ ನೋಡಿ, ಕಳ್ಳಿ ಹಾಗೆ ಒಂದು ಟೊಂಗೆ ಮುರ್ಕೊಂಡು ಡಬ್ಬಿಗೆ ಹಾಕ್ಕೊಂಡು, ಆಮೇಲೆ ನಮ್ಮ ಬಾಗಿಲಿಗೆ ಬಂದು ಕೂಗೋಳು. ಶಿವಮೊಗ್ಗದ ಹವಾ ಅಂತೆ!"

"ನಿಂಗೆ ಗೊತ್ತಿತ್ತಾ?"

"ಈ ಕಿಟಕಿಯಿಂದ ಎಲ್ಲ ಕಾಣುತ್ತಲ್ಲ ಭಾವ. ಹೂ ಬಿಟ್ಟಿದ್ದು ನಂಗೆ ಮೊದಲೇ ಕಾಣೋದು. ನಾನೇ ಕಿತ್ಕೊಂಡು ಶಿವಮೊಗ್ಗಕ್ಕೆ ಬಂದ್ರೆ ಗೆದ್ದುಬಿಡ್ತಿದ್ದೆ. ಆದ್ರೆ ಅವಳು ಬಂದು ಹಾಗೆ ಕದಿಯೋದನ್ನ ನೋಡೋದೇ ಒಂದು ಹಬ್ಬ. ದಿನಾ ಇಲ್ಲಿ ಕಾಯ್ಕೊಂಡು ಕೂತಿರ್ತಿದ್ದೆ." ಮರದ ಕಡೆ ಕೈ ತೋರಿಸಿ ಹೇಳಿದಳು: "ಈ ಸಲವೂ ಬಿಡ್ತು ನೋಡಿ. ಅದಕ್ಕೇನು ಗೊತ್ತು? ಮುಚ್ಚಿಬಿಟ್ಟೆ."

ಖಾಲಿ ಡಬ್ಬಿಗೆ ದೃಷ್ಟಿ ತಾಗುತ್ತದೆಂದು ಇಷ್ಟು ವರ್ಷ ನನ್ನನ್ನು ದೂರವಿಟ್ಟಿದ್ದಳು ನನ್ನ ಹೆಂಡತಿ! ಅಂಗಡಿಯಲ್ಲಿ ನೂರು ಗಿರಾಕಿಗಳ ಮುಖ ಓದಿದವನು ನಾನು.

ಶಿವಯೋಗಪ್ಪ ಗಂಟಲು ಸರಿಮಾಡಿಕೊಂಡ. "ನ್ಯಾಯ ಏನು ಈಗ? ಅಣ್ಣನ ಮೈಮೇಲೆ ಅಸಲಿ ಬೇವು ಬಂದಿದೆ. ಅಣ್ಣ ಗೆದ್ದ ಹಾಗೆ. ನೀನು ರುಬ್ಬಬೇಕು."

"ಕೈಯಲ್ಲಿರಬೇಕು ಅಂತ ಕಾನೂನು," ಎಂದಳು ಲಿಂಗಮ್ಮ ಥಟ್ಟನೆ. "ಹೆಗಲ ಮೇಲೆ ಬಂದಿದ್ದು ಗಾಳಿ ತಂದಿದ್ದು, ಇವರು ತಂದಿದ್ದಲ್ಲ." ಹೇಳಿದವಳೇ ಮೆತ್ತಗಾದಳು. "ನನ್ನ ಕೈಲಿ ಹಬ್ಬ ಮಾಡೋಕೆ ಆಗಲ್ಲ ರೀ. ಒತ್ತಾಯ ಮಾಡ್ಬೇಡಿ. ಒಲೆ ಮುಂದೆ ನಿಂತ್ರೆ ಅವಳೇ ಬಂದ ಹಾಗಾಗುತ್ತೆ."

ಅಂಗೈ ಮೇಲಿದ್ದ ಹೆಬ್ಬೇವು ಆಗ ನನಗೆ ದೇವರೇ ಕೊಟ್ಟದ್ದೆನಿಸಿತು. ಅಸಲಿ ಹೂವು ತಂದಿದ್ದರೆ ಹಬ್ಬ ಅವಳ ಮೇಲೆ ಬೀಳುತ್ತಿತ್ತು, ಅವಳು ಆಗುವುದಿಲ್ಲ ಎನ್ನುತ್ತಿದ್ದಳು, ನಾನು ಡಬ್ಬಿ ಮುಚ್ಚಿಕೊಂಡು ಬಸ್ಸು ಹತ್ತಬೇಕಾಗಿತ್ತು.

"ಒತ್ತಾಯ ಯಾರು ಮಾಡಿದ್ರು?" ಎಂದೆ. "ನಾನು ತಂದಿದ್ದು ಸುಳ್ಳು ಹೂವು. ಸುಳ್ಳು ಹೂವು ತಂದೋರೇ ರುಬ್ಬಬೇಕು. ನಾನು ಸೋತೆ ಲಿಂಗಮ್ಮ. ಹಬ್ಬ ನಮ್ಮ ಮನೇಲಿ. ನಾನು ರುಬ್ಬುತೀನಿ, ನೀವಿಬ್ರೂ ಬಂದು ಊಟ ಮಾಡಬೇಕು."

"ನೀವಾ? ಹೂರಣಾನಾ?"

"ಕಾನೂನು ನಿಮ್ಮಕ್ಕಂದು. ಮುರೀತೀಯಾ?"

ಅವಳು ಬಹಳ ಹೊತ್ತು ಮರದ ಕಡೆ ನೋಡಿದಳು.

"ಬೇಳೆ ಜಾಸ್ತಿ ಬೇಯಿಸಬೇಡಿ," ಎಂದಳು ಕೊನೆಗೆ. "ನೀರಾಗುತ್ತೆ. ಮಿಕ್ಸಿ ಮುಟ್ಟೋ ಹಾಗಿಲ್ಲ, ಒರಳಲ್ಲೇ ರುಬ್ಬಬೇಕು. ನಾನು ಬಂದು ನೋಡ್ತೀನಿ."

ಯುಗಾದಿಯ ದಿನ ಅವರು ಮೊದಲ ಬಸ್ಸಿಗೇ ಬಂದರು. ಲಿಂಗಮ್ಮ ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಳು. ನಾನು ಹಿತ್ತಿಲಿನ ಒರಳಿನ ಮುಂದೆ ಪಂಚೆ ಮಡಿಚಿ ಕಟ್ಟಿ ಕುಳಿತೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ವರ್ಷ ತುಂಬದ ಮನೆಯಲ್ಲಿ ಹಬ್ಬ ಮಾಡುವುದಕ್ಕೋ, ಗಂಡಸು ಹೂರಣ ರುಬ್ಬುವುದಕ್ಕೋ, ಯಾವುದಕ್ಕೆ ಬೆರಗಾದರೋ ತಿಳಿಯದು.

"ಅದೇನು ಭಾವ, ಗುಂಡಿಗೆ ಜೋಗುಳ ಹಾಡ್ತಿದ್ದೀರಾ? ಭಾರ ಹಾಕಿ!" ಎಂದು ಲಿಂಗಮ್ಮ.

"ಚಿಕ್ಕತ್ತೆ, ಮಾವಂಗೆ ಸೊಂಟ ಹಿಡಿದ್ರೆ ಎಣ್ಣೆ ತಿಕ್ಕೋಳು ನಾನು," ಎಂದು ಜಯಶೀಲಾ.

"ತಿಕ್ಕು. ನಮ್ಮಕ್ಕನ ಸೊಂಟಕ್ಕೆ ಯಾರು ತಿಕ್ಕಿದ್ರು?"

ಹೋಳಿಗೆ ಒಂದೂ ಗುಂಡಾಗಲಿಲ್ಲ. ಅರ್ಧ ಕಾವಲಿಯ ಮೇಲೆ ಒಡೆದು ಹೂರಣ ಹೊರಬಂತು. ಬೇವುಬೆಲ್ಲಕ್ಕೆ ಹೂವನ್ನು ಲಿಂಗಮ್ಮನೇ ತನ್ನ ಬೀದಿಯ ಮರದಿಂದ ತಂದಿದ್ದಳು. ಶಿವನಿಗೆ ನೈವೇದ್ಯವಾಗಿ, ಸುಭದ್ರೆಯ ಪಟದ ಮುಂದೆ ಒಡೆದಿರುವವುಗಳಲ್ಲೇ ಸ್ವಲ್ಪ ಚೆನ್ನಾಗಿದ್ದುದನ್ನು ಇಟ್ಟು, ಎಲ್ಲರೂ ಊಟಕ್ಕೆ ಕುಳಿತೆವು. ಮಹಡಿಯಿಂದ ಪ್ರಿಯದರ್ಶಿನಿಯೂ ಬಂದಳು. ಬೇವುಬೆಲ್ಲ ಬಾಯಿಗೆ ಹಾಕಿಕೊಂಡು, "ಡ್ಯಾಂಡಲಿಯನ್ ಇದರ ಮುಂದೆ ಏನೂ ಅಲ್ಲ ಅಂಕಲ್," ಎಂದು ಮುಖ ಹಿಂಡಿದಳು.

ಲಿಂಗಮ್ಮ ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಎಲ್ಲರೂ ಅವಳ ಮುಖ ನೋಡುತ್ತಿದ್ದೆವು.

"ಅಕ್ಕನ ಹೋಳಿಗೆ ಹೀಗೆ ಒಡೀತಿರಲಿಲ್ಲ," ಎಂದಳು. ಅಗಿದು ನುಂಗಿದಳು. "ಇನ್ನೊಂದು ಹಾಕಿ."

ವೈಶಾಖದಲ್ಲಿ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಒಂದು ದಿನ ಆ ಖಾಲಿ ಸೈಟಿನ ಕಡೆ ಹೋಗಿದ್ದೆ. ಹೆಬ್ಬೇವಿನ ಹೂವಿನ ಕಾಲ ಮುಗಿದಿತ್ತು. ಆದರೂ ಅದರ ಕೆಳಗೆ ಸ್ವಲ್ಪ ನಿಂತು ಬಂದೆ. ಉಪಕಾರ ಮಾಡಿದ ಮರ.

ಮಾರನೆಯ ವರ್ಷ ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಡಬ್ಬಿಯನ್ನು ಶಲ್ಯದಲ್ಲಿ ಮುಚ್ಚಿಕೊಂಡು ಹೊರಟೆ.

"ಮಾವ, ಸಿಕ್ತಾ? ಈ ಸಲ ನಂಗೆ ಮೊದಲು ತೋರಿಸಿ, ಬೇವೋ ಹೆಬ್ಬೇವೋ ನೋಡ್ತೀನಿ," ಎಂದು ಜಯಶೀಲಾ ಕೈ ಚಾಚಿದಳು.

"ಬೇಡಮ್ಮ," ಎಂದೆ. "ದೃಷ್ಟಿ ತಾಗುತ್ತೆ."

ಭದ್ರಾವತಿಯಲ್ಲಿ ಇಳಿದು ಫೌಂಡ್ರಿಯ ಗೋಡೆ ಹಿಡಿದು ಬಂದು ಮರದ ಕೆಳಗೆ ನಿಂತೆ. ತಲೆ ಎತ್ತಿ ನೋಡಿದೆ. ಒಂದೊಂದು ಹೂವೂ ಬೇರೆಬೇರೆಯಾಗಿ ಕಾಣುತ್ತಿತ್ತು; ಹಾಲುಬಿಳಿ. ಎದುರಿನ ಕಿಟಕಿ ತೆರೆದಿತ್ತು. ಸರಳಿನ ಹಿಂದೆ ಸೀರೆಯ ಅಂಚೊಂದು ಸರಕ್ಕನೆ ಮರೆಯಾಯಿತು. ನಾನು ಆ ಕಡೆ ಈ ಕಡೆ ನೋಡಿ, ಕೊಡೆಯ ಹಿಡಿಕೆಯಿಂದ ಕೊಂಬೆ ಎಳೆದು ಒಂದು ಟೊಂಗೆ ಮುರಿದೆ. ಡಬ್ಬಿಯಲ್ಲಿ ಒಂದು ಗಳಿಗೆ ಇಟ್ಟು, ಮತ್ತೆ ತೆಗೆದು ಕೈಯಲ್ಲಿ ಹಿಡಿದೆ. ಬಾಗಿಲಿಗೆ ಹೋಗಿ, ಚಪ್ಪಲಿ ಬಿಡದೆ, ಬೀದಿಗೆಲ್ಲ ಕೇಳುವಂತೆ ಕೂಗಿದೆ:

"ಹೂರಣ ರುಬ್ಬು!"

ಲಿಂಗಮ್ಮ ಒಳಗಿನಿಂದ ಓಡಿಬಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ ಶಿವನೇ! ಇಷ್ಟು ಬೇಗ ಎಲ್ಲಿ ಸಿಕ್ತು ಭಾವ?"

"ಶಿವಮೊಗ್ಗದ ಹವಾನೇ ಹಾಗೆ," ಎಂದೆ.